ಜಗ್ಗಿನ ಹೊಟ್ಟೆಯ ಮೇಲೆ ಬರೆದ ಗುಟ್ಟು

ಗುಟ್ಟು ಕಾಯುತ್ತೇವೆಂದು ಆಣೆ ಮಾಡಿದ ಸಂಘವೊಂದು ತನ್ನ ಗುರುತುಗಳನ್ನೆಲ್ಲ ಬಿಯರ್ ಜಗ್ಗಿನ ಮೇಲೆ ಅಚ್ಚು ಹಾಕಿಸಿ, ಅದಕ್ಕೆ ಬಣ್ಣ ತುಂಬಿಸಿ, ಸುತ್ತ ಗುಲಾಬಿ ಮೆರುಗು ಬಳಿಸಿ, ಬಂದವರಿಗೆಲ್ಲ ಕಾಣುವ ಹಾಗೆ ಮನೆಯ ಶೆಲ್ಫಿನಲ್ಲಿಟ್ಟುಕೊಂಡರೆ ಅದಿನ್ನೆಂಥ ಗುಟ್ಟು? ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್ಲ್ಯಾಂಡಿನ ಹಳೆಯ ಲಸ್ಟರ್ ಪಿಂಗಾಣಿಯನ್ನು, ಅಂದರೆ ಲೋಹದ ಹೊಳಪು ಬಳಿದ ಪಾತ್ರೆಗಳನ್ನು, ನೋಡಿದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇಂಥವು ಸಾಲುಸಾಲಾಗಿವೆ. ಸುತ್ತಲಿನ ಊರುಗಳ ಹಳೆ ಸಾಮಾನಿನ ಸಂತೆಗಳಲ್ಲಿ ಬಿರುಕು ಬಿಟ್ಟದ್ದು, ಹಿಡಿ ಮುರಿದದ್ದು ಈಗಲೂ ಕಣ್ಣಿಗೆ ಬೀಳುತ್ತವೆ.

ಮೊದಲು ಪಾತ್ರೆ ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ಹೊಟ್ಟೆ ಉಬ್ಬಿದ, ಮೂತಿ ಚೂಪಾದ ಬಿಳಿ ಜಗ್ಗು. ಒಂದು ಪಕ್ಕದಲ್ಲಿ ಕಪ್ಪು ಗೆರೆಗಳ ಚಿತ್ರ: ಎರಡು ಕಂಬ, ನಡುವೆ ಕಪ್ಪು ಬಿಳುಪಿನ ಚೌಕಗಳ ನೆಲ, ಮೂಲೆಮಟ್ಟದ ಮೇಲೆ ಕಾಲು ಚಾಚಿದ ಕೈವಾರ, ತೆರೆದಿಟ್ಟ ಬೈಬಲ್, ಮೂರು ಮೇಣದ ಬತ್ತಿ, ಕರಣೆ, ತೂಗುಗುಂಡು, ಏಣಿ, ಸೂರ್ಯ, ಚಂದ್ರ, ಏಳು ನಕ್ಷತ್ರ. ಎಲ್ಲಕ್ಕೂ ಮೇಲೆ ಕಿರಣ ಸೂಸುವ ಒಂಟಿ ಕಣ್ಣು. ಇವು ಫ್ರೀಮೇಸನ್ನರ ಲಾಂಛನಗಳು. ಗುಟ್ಟು ಕಾಯುತ್ತೇವೆಂದು ಆಣೆ ಮಾಡಿ ಸೇರುವ, ಒಬ್ಬರಿಗೊಬ್ಬರು ನೆರವಾಗುವ ಗಂಡಸರ ಸಂಘ ಅದು. ಜಗ್ಗನ್ನು ತಿರುಗಿಸಿದರೆ ಇನ್ನೊಂದು ಪಕ್ಕದಲ್ಲಿ ನದಿಯ ಮೇಲೆ ಬಾಗಿದ ಕಬ್ಬಿಣದ ಸೇತುವೆ, ಅದರ ಕೆಳಗೆ ಹಾಯಿ ಬಿಚ್ಚಿದ ಹಡಗು. ಮೂತಿಯ ಕೆಳಗೆ ಒಂದು ಪದ್ಯ, ಇಲ್ಲವೇ ಯಾರದೋ ಹೆಸರು ಮತ್ತು ಇಸವಿ. ಚಿತ್ರವಿಲ್ಲದ ಜಾಗದಲ್ಲೆಲ್ಲ ಗುಲಾಬಿ ಬಣ್ಣದ ಮೋಡ. ಮೊದಲ ನೋಟಕ್ಕೆ ಯಾವುದೋ ಮಗು ಒದ್ದೆ ಬಣ್ಣದ ಮೇಲೆ ನೀರು ಚಿಮುಕಿಸಿದ ಹಾಗಿರುತ್ತದೆ. ಅಂದಗಾರಿಕೆಯ ಲೆಕ್ಕದಲ್ಲಿ ಇದು ದೊಡ್ಡ ಕಲೆಯಲ್ಲ. ಅದೇ ಕಾಲದ ದೊಡ್ಡ ಹೆಸರಿನ ವೆಜ್‌ವುಡ್ ಪಾತ್ರೆಗಳ ಪಕ್ಕದಲ್ಲಿಟ್ಟರೆ ಜಾತ್ರೆಯಲ್ಲಿ ಕೊಂಡ ಸಾಮಾನಿನಂತೆ ಕಾಣುತ್ತದೆ. ನನಗೆ ಇಷ್ಟವಾಗುವುದೂ ಅದೇ ಕಾರಣಕ್ಕೆ.

ಆ ಗುಲಾಬಿ ಬಣ್ಣ ಚಿನ್ನದಿಂದ ಬಂದದ್ದು. ಅಲಂಕಾರಕ್ಕೆ ಹೇಳುತ್ತಿರುವ ಮಾತಲ್ಲ, ನಿಜವಾದ ಚಿನ್ನವೇ. ಚಿನ್ನವನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ, ತವರದ ದ್ರಾವಣದ ಜೊತೆ ಸೇರಿಸಿ, ಗಂಧಕ ಬೆರೆತ ಎಣ್ಣೆ ಮತ್ತು ಟರ್ಪೆಂಟೈನಿನಲ್ಲಿ ಕಲಸಿ, ಆಗಲೇ ಮೆರುಗು ಕೊಟ್ಟು ಸುಟ್ಟ ಪಾತ್ರೆಯ ಮೇಲೆ ಕುಂಚದಿಂದ ತೆಳ್ಳಗೆ ಬಳಿಯುತ್ತಿದ್ದರು. ಆಮೇಲೆ ಸಣ್ಣ ಉರಿಯ ಭಟ್ಟಿಯಲ್ಲಿ ಇನ್ನೊಮ್ಮೆ ಸುಡುವುದು. ಎಣ್ಣೆ ಉರಿದು ಹೋಗಿ ಮೈಮೇಲೆ ಚಿನ್ನದ ಅತಿ ತೆಳು ಪೊರೆಯೊಂದು ಉಳಿಯುತ್ತದೆ. ಮಣ್ಣು ಕಂದು ಬಣ್ಣದ್ದಾಗಿದ್ದರೆ ಆ ಪೊರೆ ತಾಮ್ರದಂತೆ ಹೊಳೆಯುತ್ತದೆ. ಬಿಳಿ ಮೈಯ ಮೇಲೆ ತೆಳುವಾಗಿ ಬಳಿದರೆ ಗುಲಾಬಿ, ಇನ್ನಷ್ಟು ದಪ್ಪ ಬಳಿದರೆ ನೇರಳೆ. ಬೆಳ್ಳಿಯ ಹೊಳಪು ಬೇಕೆಂದರೆ ಬೆಳ್ಳಿ ಹಾಕುತ್ತಿರಲಿಲ್ಲ, ಅದು ಕಪ್ಪಗಾಗುತ್ತದೆ. ಆಗ ಯುರೋಪಿಗೆ ಹೊಸದಾಗಿದ್ದ ಪ್ಲಾಟಿನಮ್ ಬಳಸುತ್ತಿದ್ದರು. ಆ ಬೆಳ್ಳಿ ಲಸ್ಟರ್ ಟೀ ಪಾತ್ರೆಗಳು ಬೆಳ್ಳಿ ಕೊಳ್ಳಲಾಗದ ಮನೆಗಳಲ್ಲಿ ಬೆಳ್ಳಿಯ ಜಾಗ ತುಂಬಿದವು. 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ಕ್ರಮಕ್ಕೆ ಪೇಟೆಂಟ್ ಸಿಕ್ಕ ಮೇಲೆ ಅವುಗಳ ಕಾಲ ಮುಗಿಯುತ್ತಾ ಬಂತು.

ಸಂಡರ್ಲ್ಯಾಂಡಿನ ಆ ಮೋಡದಂಥ ಚುಕ್ಕೆಗಳದ್ದು ಇನ್ನೊಂದು ಉಪಾಯ. ಬಳಿದ ಲಸ್ಟರ್ ಒಣಗುವ ಮೊದಲೇ ಅದರ ಮೇಲೆ ಎಣ್ಣೆಯ ಹನಿ ಚಿಮುಕಿಸುತ್ತಿದ್ದರು. ಹನಿ ಬಿದ್ದಲ್ಲಿ ಲಸ್ಟರ್ ಪಕ್ಕಕ್ಕೆ ಸರಿಯುತ್ತದೆ, ಭಟ್ಟಿಯ ಕಾವಿಗೆ ಗುಳ್ಳೆ ಒಡೆದು ಉಂಗುರ ಮೂಡುತ್ತದೆ. ಒಂದರಂತೆ ಇನ್ನೊಂದು ಬರುವುದಿಲ್ಲ. ಇದಕ್ಕೆ ನುರಿತ ಚಿತ್ರಗಾರ ಬೇಕಿಲ್ಲ, ಚಿನ್ನವೂ ಕಡಿಮೆ ಸಾಕು. ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರು ಬೆಳ್ಳಿ, ತಾಮ್ರಗಳಿಂದ ಲಸ್ಟರ್ ತೆಗೆಯುತ್ತಿದ್ದುದು ಹೊಗೆ ತುಂಬಿದ ಭಟ್ಟಿಯಲ್ಲಿ, ತುಂಬ ನಾಜೂಕಿನ ಕೆಲಸ ಅದು. ಇಂಗ್ಲಿಷರ ವಿಧಾನ ಬೇರೆ, ಸುಲಭ, ಅಗ್ಗ. ಈ ಕೆಂಪಿಗೆ ಚಿನ್ನದ ಅತಿ ಸಣ್ಣ ಕಣಗಳೇ ಕಾರಣವೆಂದು ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿವರಿಸಿದ್ದು 1857ರಲ್ಲಿ. ಅಷ್ಟು ಹೊತ್ತಿಗೆ ಸಂಡರ್ಲ್ಯಾಂಡಿನ ಕೆಲಸಗಾರರು ಆ ಕಣಗಳನ್ನು ದಶಕಗಳಿಂದ ಬಿಯರ್ ಜಗ್ಗಿಗೆ ಬಳಿಯುತ್ತಾ ಬಂದಿದ್ದರು.

ಈ ಊರಿನಲ್ಲೇ ಯಾಕೆ ಇಷ್ಟೊಂದು ಕುಂಬಾರಿಕೆ ಬೆಳೆಯಿತು ಅನ್ನುವುದಕ್ಕೆ ಉತ್ತರ ಹಡಗಿನ ತಳದಲ್ಲಿದೆ. ವೇರ್ ನದಿ ಸಮುದ್ರ ಸೇರುವ ಜಾಗ ಇದು. ಇಲ್ಲಿಂದ ಕಲ್ಲಿದ್ದಲು ತುಂಬಿದ ಹಡಗುಗಳು ಲಂಡನ್ನಿಗೂ ದಕ್ಷಿಣದ ಬಂದರುಗಳಿಗೂ ಹೋಗುತ್ತಿದ್ದವು. ಬರುವಾಗ ಖಾಲಿ ಬಂದರೆ ಹಡಗು ಅಲ್ಲಾಡುತ್ತದೆ, ಭಾರಕ್ಕೆ ಏನಾದರೂ ತುಂಬಬೇಕು. ಹಾಗೆ ತುಂಬಿದ್ದು ದಕ್ಷಿಣ ಇಂಗ್ಲೆಂಡಿನ ಬಿಳಿ ಜೇಡಿಮಣ್ಣು ಮತ್ತು ಫ್ಲಿಂಟ್ ಕಲ್ಲು. ಊರಿನ ಮಣ್ಣಿನಲ್ಲಿ ಕಂದು ಮಡಕೆ ಮಾತ್ರ ಆಗುತ್ತಿತ್ತು. ಬಿಳಿ ಪಾತ್ರೆಗೆ ಬೇಕಾದದ್ದು ಹೀಗೆ ಹೆಚ್ಚು ಬಾಡಿಗೆಯಿಲ್ಲದೆ ಬಂದು ಬಿತ್ತು. ಸುಡಲು ಕಲ್ಲಿದ್ದಲು ಕೈಗೆಟುಕುವಲ್ಲೇ ಇತ್ತು. ಕೊಳ್ಳಲು ನಾವಿಕರಿದ್ದರು. ಸೈನಿಕರ ಬ್ಯಾರಕ್ಕಿನ ಹತ್ತಿರದ ಗ್ಯಾರಿಸನ್ ಪಾಟರಿ, ಲೋ ಫೋರ್ಡಿನಲ್ಲಿ ಡಾಸನ್, ಸೌತ್‌ವಿಕ್‌ನಲ್ಲಿ ಸ್ಕಾಟ್, ವೇರ್ ಪಾಟರಿಯಲ್ಲಿ ಮೂರ್, ಡೆಪ್ಟ್‌ಫರ್ಡಿನಲ್ಲಿ ಬಾಲ್ ಸೋದರರು. ಹತ್ತೊಂಬತ್ತನೆಯ ಶತಮಾನದ ಬೇರೆ ಬೇರೆ ಕಾಲದಲ್ಲಿ ನದಿಯ ಎರಡೂ ದಡದಲ್ಲಿ ಇವರ ಭಟ್ಟಿಗಳು ಹೊಗೆಯಾಡುತ್ತಿದ್ದವು.

ಚಿತ್ರ ಬಿಡಿಸುವುದೂ ಕೈಯಿಂದಲ್ಲ. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರಕ್ಕೆ ಶಾಯಿ ತುಂಬಿ, ತೆಳು ಕಾಗದದ ಮೇಲೆ ಅಚ್ಚು ತೆಗೆದು, ಆ ಕಾಗದವನ್ನು ಪಾತ್ರೆಯ ಮೈಗೆ ಅಂಟಿಸಿ ಉಜ್ಜಿ ತೆಗೆಯುವುದು. ಈ ತಂತ್ರ ಎಂಥ ವೇಗದ್ದೆಂದರೆ, 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು ಆರು ಗಂಟೆಯೊಳಗೆ 1200ಕ್ಕೂ ಹೆಚ್ಚು ಟೈಲುಗಳಿಗೆ ಅಚ್ಚು ಹಾಕಿದ್ದಾಗಿ ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಅಚ್ಚಿನ ಕಪ್ಪು ಗೆರೆಗಳ ನಡುವೆ ಹಸಿರು, ಹಳದಿ, ಕೆಂಪು ತುಂಬುವುದಷ್ಟೇ ಕೈಕೆಲಸ. ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆ ಕಾಲದ ಫ್ರೀಮೇಸನ್ನರ ಲಾಡ್ಜಿನೊಳಗೆ, ಅಂದರೆ ಅವರ ಶಾಖೆ ಸಭೆ ಸೇರುವ ಜಾಗದೊಳಗೆ, ಹೆಣ್ಣಿಗೆ ಪ್ರವೇಶವಿರಲಿಲ್ಲ. ಬಾಗಿಲಲ್ಲಿ ಕತ್ತಿ ಹಿಡಿದ ಕಾವಲುಗಾರ. ಒಳಗೆ ನಡೆದದ್ದನ್ನು ಹೆಂಡತಿಗೂ ಹೇಳುವಂತಿರಲಿಲ್ಲ. ಆದರೆ ಆ ಒಳಗಿನ ಎರಡು ಕಂಬಗಳಿಗೆ, ಕೈವಾರಕ್ಕೆ, ಎಲ್ಲವನ್ನೂ ನೋಡುವ ಕಣ್ಣಿಗೆ ಬಣ್ಣ ತುಂಬಿದವಳು ಭಟ್ಟಿಯ ಪಕ್ಕದ ಕೋಣೆಯಲ್ಲಿ ತುಂಡುಗೂಲಿಗೆ ಕೂತ ಹುಡುಗಿ. ಸೂರ್ಯನಿಗೆ ಹಳದಿ ಒಂದೇ ಗೀಟಿನಲ್ಲಿ ಬಳಿದಿದ್ದಾಳೆ, ಅದು ಗೆರೆ ದಾಟಿ ನಕ್ಷತ್ರಕ್ಕೂ ಹಬ್ಬಿದೆ. ಕಂಬದ ಹಸಿರು ಅರ್ಧಕ್ಕೇ ನಿಂತಿದೆ. ಅವಳ ಮುಂದೆ ಇನ್ನೂ ಎಷ್ಟೋ ಜಗ್ಗುಗಳು ಕಾಯುತ್ತಿರುತ್ತವೆ, ನಿಧಾನಿಸಿದರೆ ಕೂಲಿ ಕಡಿಮೆ. ಬೆಳಿಗ್ಗೆ ಮೇಸನ್ನರ ಕಣ್ಣು ತುಂಬಿದವಳು ಮಧ್ಯಾಹ್ನ ಮೆಥಡಿಸ್ಟ್ ಪಂಗಡದ ಕ್ರೈಸ್ತರ ಗೋಡೆ ಫಲಕಕ್ಕೆ ಅಂಚು ಬಳಿಯುತ್ತಿದ್ದಳೇನೋ. ‘ದೇವರೇ, ನೀನು ನನ್ನನ್ನು ನೋಡುತ್ತಿರುವೆ’ ಎಂಬ ಬೈಬಲ್ ಮಾತಿರುವ ಆ ಫಲಕಗಳೂ ಇದೇ ಕಾರ್ಖಾನೆಗಳ ಮಾಲು, ಅದೇ ಗುಲಾಬಿ. ಈ ಜಗ್ಗುಗಳ ಬಗ್ಗೆ ಬರೆಯುವ ಸಂಗ್ರಾಹಕರು ಲಾಂಛನಗಳ ಅರ್ಥವನ್ನು ಪುಟಗಟ್ಟಲೆ ಬಿಡಿಸುತ್ತಾರೆ, ಗೆರೆ ದಾಟಿದ ಆ ಹಳದಿಯನ್ನು ಮಾತ್ರ ‘ದೋಷ’ವೆಂದು ಒಂದು ಪದದಲ್ಲಿ ಮುಗಿಸುತ್ತಾರೆ.

ಇನ್ನು ಪದ್ಯ. ಮೇಸನ್ ಜಗ್ಗುಗಳ ಮೇಲೆ ಮತ್ತೆ ಮತ್ತೆ ಕಾಣುವ ಸಾಲುಗಳು 1723ರಲ್ಲಿ ಅಚ್ಚಾದ ಮೇಸನ್ನರ ನಿಯಮ ಗ್ರಂಥದ ಹಾಡಿನವು. ನಮ್ಮ ಗುಟ್ಟು ತಿಳಿಯಲು ಲೋಕವೆಲ್ಲ ಒದ್ದಾಡುತ್ತಿದೆ, ಬೆರಗಾಗಿ ನೋಡುತ್ತಲೇ ಇರಲಿ, ನಮ್ಮ ಮಾತೂ ಸನ್ನೆಯೂ ಅವರಿಗೆ ಎಂದೂ ಹೊಳೆಯದು ಎಂಬುದು ಅದರ ತಾತ್ಪರ್ಯ. ಮಾತು ಮತ್ತು ಸನ್ನೆ, ಇವೆರಡನ್ನು ಗಮನಿಸಿ. ಕೈವಾರ, ಕಣ್ಣು, ಕಂಬ ಎಂದೂ ಗುಟ್ಟಾಗಿರಲಿಲ್ಲ. ಸಂಕೇತಪದ ಮತ್ತು ಕೈಕುಲುಕುವ ಬಗೆ, ಇವೇ ಗುಟ್ಟು. ಅವು ಯಾವ ಜಗ್ಗಿನ ಮೇಲೂ ಇಲ್ಲ. ಅಂದಮೇಲೆ ನನ್ನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ, ಅಂದರೆ ಅವೆರಡನ್ನು ಮಾತ್ರ ಯಾಕೆ ಅಷ್ಟು ಜೋಪಾನ ಮಾಡಿದರು ಅನ್ನುವುದು, ಇನ್ನೂ ಸ್ವಾರಸ್ಯದ್ದು.

ಅದಕ್ಕೆ ಮೊದಲು ಸೇತುವೆಯ ವಿಷಯ. ಜಗ್ಗಿನ ಇನ್ನೊಂದು ಪಕ್ಕದ ಸೇತುವೆ ಸುಮ್ಮನೆ ಊರಿನ ನೋಟವಲ್ಲ. ವೇರ್ ನದಿಗೆ ಕಟ್ಟಿದ ಈ ಕಬ್ಬಿಣದ ಕಮಾನು ಸೇತುವೆಗೆ 1793ರಲ್ಲಿ ಅಡಿಗಲ್ಲು ಹಾಕಿದ್ದು ಫ್ರೀಮೇಸನ್ನರ ವಿಧಿಯ ಪ್ರಕಾರ. ಕಟ್ಟಿಸಲು ಓಡಾಡಿದವನು ಪಾರ್ಲಿಮೆಂಟ್ ಸದಸ್ಯ ರೋಲೆಂಡ್ ಬರ್ಡನ್. 1796ರಲ್ಲಿ ಸಂಚಾರಕ್ಕೆ ತೆರೆದಾಗ ಅದರ ಒಂದೇ ಕಮಾನು 236 ಅಡಿ ಉದ್ದ. ಕೋಲ್‌ಬ್ರೂಕ್‌ಡೇಲಿನ ಪ್ರಸಿದ್ಧ ಕಬ್ಬಿಣದ ಸೇತುವೆಯ ಎರಡರಷ್ಟಕ್ಕಿಂತ ಹೆಚ್ಚು. ಎತ್ತರ ಎಷ್ಟಿತ್ತೆಂದರೆ ಕೆಳಗೆ ಹಡಗುಗಳು ಹಾಯಿಮರ ಇಳಿಸದೆ ದಾಟುತ್ತಿದ್ದವು. ಊರಿಗೆ ಊರೇ ಹೆಮ್ಮೆಪಟ್ಟಿತು, ಕುಂಬಾರರು ಆ ಹೆಮ್ಮೆಯನ್ನು ತಗಡಿಗೆ ಕೊರೆಸಿಕೊಂಡರು. ಆಮೇಲೆ ಒಂದು ಶತಮಾನದ ಹತ್ತಿರ ಈ ಸೇತುವೆಯ ಚಿತ್ರ ಬಗೆಬಗೆಯಾಗಿ ಪಾತ್ರೆಗಳ ಮೇಲೆ ಬರುತ್ತಲೇ ಇತ್ತು. ಹಾಗಾಗಿ ಜಗ್ಗಿನ ಮೇಲೆ ‘1796’ ಎಂದು ಕಂಡರೆ ಅದು ಸೇತುವೆಯ ಇಸವಿ, ಜಗ್ಗಿನದ್ದಲ್ಲ. ಬರ್ಡನ್ನನ ಬ್ಯಾಂಕು 1803ರಲ್ಲಿ ಮುಳುಗಿತು. ಜಗ್ಗುಗಳ ಮೇಲೆ ಮಾತ್ರ ಅವನ ಹೆಸರಿಗೆ ಕುಂದು ಬರಲಿಲ್ಲ.

ಊರಿನಲ್ಲಿ ಮೇಸನ್ನರ ಬೇರು ಅದಕ್ಕೂ ಹಿಂದಿನದು. ಅಲ್ಲಿನ ಫೀನಿಕ್ಸ್ ಲಾಡ್ಜಿನ ಸಭಾಂಗಣ 1785ರಲ್ಲಿ ಕಟ್ಟಿದ್ದು, ಈಗಲೂ ಅದೇ ಬಳಕೆಯಲ್ಲಿದೆ. ಬಂದರು ಊರಿನಲ್ಲಿ ಹಡಗಿನ ಕಪ್ತಾನರಿಗೆ ಈ ಸದಸ್ಯತ್ವ ಬಹಳ ಉಪಯೋಗದ್ದು. ಗುರುತಿಲ್ಲದ ಬಂದರಿನಲ್ಲಿ ಇಳಿದರೂ ಅಲ್ಲೊಂದು ಲಾಡ್ಜ್ ಇರುತ್ತದೆ, ಸರಿಯಾದ ಸನ್ನೆ ಗೊತ್ತಿದ್ದವನಿಗೆ ಊಟ, ಸಾಲ, ಶಿಫಾರಸು ಸಿಗುತ್ತದೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸೆರೆಸಿಕ್ಕು ಇಂಗ್ಲೆಂಡಿನ ಊರುಗಳಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಅಲ್ಲೇ ತಮ್ಮದೊಂದು ಲಾಡ್ಜ್ ನಡೆಸಿದ್ದುಂಟು. ಬ್ರಿಟಿಷರ ಹಡಗು, ಪಲ್ಟನ್ನು ಹೋದಲ್ಲೆಲ್ಲ ಲಾಡ್ಜುಗಳೂ ಹೋದವು. ನಮ್ಮ ಬೆಂಗಳೂರಿನ ದಂಡಿಗೂ ಬಂದವು.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಮೇಸನ್ ಜಗ್ಗಿನ ಮುಂದಲ್ಲ. ಅದರ ಪಕ್ಕದಲ್ಲಿ, ಸ್ವಲ್ಪ ಕಡಿಮೆ ಬೆಲೆಯ ಚೀಟಿ ಅಂಟಿಸಿಕೊಂಡು ಕೂತ ಇನ್ನೊಂದು ಬಗೆಯ ಮಗ್ಗಿನ ಮುಂದೆ. ಅದರಲ್ಲಿ ಅಂಗೈ ಮೇಲೆ ಹೃದಯ, ಕುರಿಮರಿ, ಮರಳು ಗಡಿಯಾರ, ಜೇನುಗೂಡು, ಕಟ್ಟಿದ ಕಡ್ಡಿಗಳ ಹೊರೆ, ಮಕ್ಕಳನ್ನು ತಬ್ಬಿಕೊಂಡ ವಿಧವೆ ಇರುತ್ತಾರೆ. ಕೆಳಗೆ ಸ್ನೇಹ, ಪ್ರೀತಿ, ಸತ್ಯ ಎಂಬ ಧ್ಯೇಯವಾಕ್ಯ. ಇದು ಆಡ್‌ಫೆಲೋಸ್ ಸಂಘದ್ದು. ಅದರ ಮ್ಯಾಂಚೆಸ್ಟರ್ ಶಾಖೆ ಬೇರೆಯಾಗಿ ನಿಂತದ್ದು 1810ರಲ್ಲಿ. ಜಿಂಕೆ, ಬಿಲ್ಲು, ಕೊಂಬು ಕಹಳೆ ಇದ್ದರೆ 1834ರಲ್ಲಿ ಆ ಹೆಸರು ಪಡೆದ ಏನ್ಶೆಂಟ್ ಆರ್ಡರ್ ಆಫ್ ಫಾರೆಸ್ಟರ್ಸ್. ಕೈವಾರ, ಮೂಲೆಮಟ್ಟಗಳ ಜೊತೆ ಗಿಡ ಸವರುವ ಚಾಕು ಸೇರಿದ್ದರೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಫ್ರೀ ಗಾರ್ಡನರ್ಸ್. ಚಿತ್ರಗಳ ಜೋಡಣೆ ಎಲ್ಲದರಲ್ಲೂ ಮೇಸನ್ನರದ್ದನ್ನು ನೋಡಿ ಮಾಡಿದ್ದೇ. ಆದರೆ ಸದಸ್ಯರು ಬೇರೆ ತರದವರು. ವಾರದ ಕೂಲಿಯವರು, ಬಡಗಿಗಳು, ನೇಕಾರರು, ಗಣಿ ಕೆಲಸದವರು.

ಇವರು ಸೇರಿದ್ದು ವೇಷ ಹಾಕಿ ಮಂತ್ರ ಹೇಳುವ ಮೋಜಿಗೆ ಮಾತ್ರವಲ್ಲ, ಮೋಜೂ ಇತ್ತು ಅನ್ನಿ, ಸಭೆಗಳು ನಡೆಯುತ್ತಿದ್ದುದೇ ಪಬ್ಬಿನ ಮಹಡಿಯಲ್ಲಿ. ಸೇರಿದ್ದು ವಂತಿಗೆಗಾಗಿ. ತಪ್ಪದೆ ಕೆಲವು ಪೆನ್ಸ್ ಕಟ್ಟಿದರೆ, ಕಾಯಿಲೆ ಬಿದ್ದು ಕೆಲಸ ತಪ್ಪಿದಾಗ ವಾರಕ್ಕೆ ಇಷ್ಟೆಂದು ಹಣ. ಸತ್ತರೆ ಶವಸಂಸ್ಕಾರದ ಖರ್ಚು. ಕೆಲಸ ಹುಡುಕಿ ಬೇರೆ ಊರಿಗೆ ಹೊರಟವನಿಗೆ ದಾರಿಯ ಊರುಗಳ ಶಾಖೆಗಳಲ್ಲಿ ರಾತ್ರಿ ತಂಗಲು ಜಾಗ, ಕೈಖರ್ಚಿಗೆ ಕಾಸು. ಸರ್ಕಾರಿ ಆಸ್ಪತ್ರೆ, ಪಿಂಚಣಿ, ವಿಮೆ ಯಾವುದೂ ಕೂಲಿಯವನ ಪಾಲಿಗೆ ಇಲ್ಲದ ಕಾಲ ಅದು.

ಸಂಕೇತಪದದ ಬೆಲೆ ಗೊತ್ತಾಗುವುದು ಇಲ್ಲಿ. ಯಾರ್ಕಿನಿಂದ ನಡೆದುಕೊಂಡು ಬಂದ ಅಪರಿಚಿತನೊಬ್ಬ ಸಂಡರ್ಲ್ಯಾಂಡಿನ ಶಾಖೆಯ ಬಾಗಿಲು ತಟ್ಟಿ, ನಾನೂ ನಿಮ್ಮವನೇ, ವಂತಿಗೆ ಬಾಕಿಯಿಲ್ಲ, ರಾತ್ರಿಗೆ ನೆರವು ಬೇಕು ಅನ್ನುತ್ತಾನೆ. ಫೋಟೋ ಇರುವ ಗುರುತಿನ ಚೀಟಿ ಇಲ್ಲ, ಫೋನಿಲ್ಲ, ವಿಚಾರಿಸಿ ಕಾಗದ ಬರೆದರೆ ಉತ್ತರ ಬರುವ ಹೊತ್ತಿಗೆ ಅವನು ಹೊರಟೇ ಹೋಗಿರುತ್ತಾನೆ. ನಂಬುವುದು ಹೇಗೆ? ಸಂಕೇತಪದವನ್ನು ಆಗಾಗ ಬದಲಾಯಿಸಿ, ವಂತಿಗೆ ಕಟ್ಟಿದವನಿಗೆ ಮಾತ್ರ ಹೇಳುತ್ತಿದ್ದರು. ಅದು ಬಂದರೆ ಅವನ ಲೆಕ್ಕ ಚುಕ್ತಾ ಎಂದರ್ಥ. ಕೈಕುಲುಕುವ ಬಗೆ ಅದಕ್ಕೆ ಇನ್ನೊಂದು ಸಾಕ್ಷಿ. ಈ ಗುಟ್ಟಿನಲ್ಲಿ ಮಾಟವಿಲ್ಲ, ಮಂತ್ರವಿಲ್ಲ, ಲೋಕವನ್ನು ಆಳುವ ಸಂಚಿಲ್ಲ. ಅದು ಹಣದ ಪೆಟ್ಟಿಗೆಯ ಬೀಗದ ಕೈ. ಪೆಟ್ಟಿಗೆಯ ಚಿತ್ರವನ್ನು ಎಷ್ಟು ಜಗ್ಗಿನ ಮೇಲೆ ಬೇಕಾದರೂ ಅಚ್ಚು ಹಾಕಿಸಬಹುದಿತ್ತು. ಫ್ರೀಮೇಸನ್ನರೆಂದರೆ ಜಗತ್ತಿನ ಸೂತ್ರ ಹಿಡಿದ ಕತ್ತಲ ಕೂಟ ಎಂದು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಕೊರೆಯುವವರು ಒಮ್ಮೆ ಈ ಮಗ್ಗುಗಳ ಮುಂದೆ ಬಂದು ನಿಲ್ಲಬೇಕು.

ಕೆಲವು ಮಗ್ಗುಗಳ ಮೇಲೆ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎಲುಬು ಇರುತ್ತದೆ. ಸಂತೆಯಲ್ಲಿ ಇದನ್ನು ಕಂಡವರು ಮಾಟದ್ದೆಂದು ಹಿಂಜರಿಯುವುದನ್ನೋ, ಕಡಲ್ಗಳ್ಳರದೆಂದು ಖುಷಿಪಡುವುದನ್ನೋ ನೋಡಿದ್ದೇನೆ. ಅದೇ ಊರಿನ ಚರಿತ್ರೆ ಗೊತ್ತಿದ್ದರೆ ಆ ಬುರುಡೆ ಬೇರೆಯಾಗಿ ಕಾಣುತ್ತದೆ. 1831ರ ಅಕ್ಟೋಬರಿನಲ್ಲಿ ಕಾಲರಾ ಮೊದಲ ಬಾರಿಗೆ ಇಂಗ್ಲೆಂಡಿಗೆ ಕಾಲಿಟ್ಟದ್ದು ಸಂಡರ್ಲ್ಯಾಂಡಿನ ಬಂದರಿನಲ್ಲಿ. ಹೆಚ್ಚು ಸತ್ತದ್ದು ನದಿ ದಡದ ಇಕ್ಕಟ್ಟು ಓಣಿಗಳ ಬಡವರು. ಅದರ ಮುಂದಿನ ವರ್ಷವೇ, 1832ರಲ್ಲಿ, ಅಂಗರಚನೆಯ ಕಾಯ್ದೆ ಬಂತು. ಬಡವರ ವಸತಿಗೃಹಗಳಲ್ಲಿ ಸತ್ತು, ವಾರಸುದಾರರು ಬಾರದ ಹೆಣಗಳನ್ನು ವೈದ್ಯ ವಿದ್ಯಾರ್ಥಿಗಳ ಕೊಯ್ತಕ್ಕೆ ಕೊಡಬಹುದು ಎಂದಿತು ಆ ಕಾಯ್ದೆ. ಅಲ್ಲಿಯವರೆಗೆ ಹಾಗೆ ಕೊಯ್ಯಿಸಿಕೊಳ್ಳುವುದು ಕೊಲೆಗಾರರಿಗೆ ಕೊಡುತ್ತಿದ್ದ ಶಿಕ್ಷೆ. ಈಗ ಬಡತನಕ್ಕೇ ಆ ಗತಿ ಬಂತು. ಸಂಸ್ಕಾರದ ಹಣ ಕೊಡುವ ಸಂಘಕ್ಕೆ ಜನ ಯಾಕೆ ಮುಗಿಬಿದ್ದರು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಮಗ್ಗಿನ ಮೇಲಿನ ಬುರುಡೆ, ಸಾವು ಬರುತ್ತದೆ ಎಂದು ಎಚ್ಚರಿಸುತ್ತದೆ. ಅದರ ಪಕ್ಕದ ಕೈ ಮತ್ತು ಹೃದಯ, ಬಂದಾಗ ನಿನ್ನನ್ನು ಪೆಟ್ಟಿಗೆಯಲ್ಲಿಟ್ಟು, ಹತ್ತು ಜನ ಹಿಂದೆ ನಡೆದು, ಮರ್ಯಾದೆಯಾಗಿ ಮಣ್ಣು ಮಾಡುತ್ತೇವೆ ಎಂದು ಮಾತು ಕೊಡುತ್ತದೆ.

ಇದೇ ಬುರುಡೆ ಎಲುಬುಗಳು ಎಲ್ಲರಿಗೂ ಒಂದೇ ತರ ದಕ್ಕಲಿಲ್ಲ. ಫ್ರೆಂಚ್ ಕ್ರಾಂತಿಯ ಹೆದರಿಕೆಯಲ್ಲಿ ಬ್ರಿಟಿಷ್ ಸರ್ಕಾರ 1799ರಲ್ಲಿ ಗುಪ್ತ ಪ್ರಮಾಣ ಮಾಡಿಸುವ ಸಂಘಗಳನ್ನು ನಿಷೇಧಿಸಿತು. ಫ್ರೀಮೇಸನ್ನರಿಗೆ ಮಾತ್ರ ವಿನಾಯಿತಿ, ವರ್ಷಕ್ಕೊಮ್ಮೆ ಸದಸ್ಯರ ಪಟ್ಟಿ ಕೊಟ್ಟರೆ ಸಾಕು. ಅವರಲ್ಲಿ ರಾಜಕುಮಾರರೇ ಇದ್ದರು. 1813ರಲ್ಲಿ ಎರಡು ಬಣಗಳು ಒಂದಾದಾಗ ಮುಖ್ಯಸ್ಥನಾದವನು ದೊರೆಯ ಮಗ, ಡ್ಯೂಕ್ ಆಫ್ ಸಸೆಕ್ಸ್. ಅತ್ತ 1833ರಲ್ಲಿ, ಡಾರ್ಸೆಟ್ ಜಿಲ್ಲೆಯ ಟಾಲ್ಪಡಲ್ ಎಂಬ ಹಳ್ಳಿಯ ಆರು ಜನ ಕೃಷಿ ಕೂಲಿಗಳು ಕೂಲಿ ಇಳಿಸಿದ್ದಕ್ಕೆ ಸಂಘ ಕಟ್ಟಿದರು. ಹೊಸಬರ ಕಣ್ಣಿಗೆ ಬಟ್ಟೆ ಕಟ್ಟಿ, ಅಸ್ಥಿಪಂಜರದ ಚಿತ್ರದ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿದರು. ಲಾಡ್ಜುಗಳಲ್ಲಿ ಸಾಹುಕಾರರು ಮಾಡುತ್ತಿದ್ದುದರ ಬಡ ನಕಲು ಅದು. ಅಕ್ರಮ ಪ್ರಮಾಣದ ಕಾಯ್ದೆಯಡಿ 1834ರಲ್ಲಿ ಅವರಿಗೆ ಏಳು ವರ್ಷ ಗಡೀಪಾರು ಶಿಕ್ಷೆಯಾಗಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ದೇಶದಲ್ಲೆಲ್ಲ ಗದ್ದಲವೆದ್ದು 1836ರಲ್ಲಿ ಕ್ಷಮೆ ಸಿಕ್ಕಿತು. ಹಲವು ಶಾಖೆಗಳಿದ್ದ ಆಡ್‌ಫೆಲೋಸ್‌ನಂಥ ಸಂಘಗಳಿಗೆ ಕಾನೂನಿನ ಪೂರ್ತಿ ಆಸರೆ ಸಿಗಲು 1850 ಬರಬೇಕಾಯಿತು. ಒಂದೇ ಶೆಲ್ಫಿನಲ್ಲಿ ಒಂದೇ ಗುಲಾಬಿ ಬಳಿದುಕೊಂಡು ಕೂತ ಎರಡು ಪಾತ್ರೆಗಳಲ್ಲಿ ಒಂದಕ್ಕೆ ಅರಮನೆಯ ನೆರಳಿತ್ತು, ಇನ್ನೊಂದಕ್ಕೆ ಪೊಲೀಸರ ಅನುಮಾನ. ಇವತ್ತಿನ ವ್ಯಾಪಾರಿಗಳೂ ಮೇಸನ್ ಅಂದ ಕೂಡಲೇ ಬೆಲೆ ಏರಿಸುತ್ತಾರೆ. ಆ ಪಕ್ಷಪಾತ ಹಳೆಯದು.

ಪಾತ್ರೆ ಮಾಡಿದವರಿಗೆ ಇದು ಯಾವುದರ ಹಂಗೂ ಇರಲಿಲ್ಲ. ಒಂದೇ ಜಗ್ಗಿನಲ್ಲಿ ಒಂದು ಕಡೆ ಮೇಸನ್ನರ ಕಂಬ, ಇನ್ನೊಂದು ಕಡೆ ನಾವಿಕ ಹೆಂಡತಿಯನ್ನು ಬೀಳ್ಕೊಳ್ಳುವ ಚಿತ್ರ. ಕ್ರಿಮಿಯಾ ಯುದ್ಧ ಬಂದಾಗ ಇಂಗ್ಲೆಂಡ್, ಫ್ರಾನ್ಸ್ ಕೈ ಹಿಡಿದ ಚಿತ್ರ. ಕೆಲವು ಮಗ್ಗುಗಳ ಒಳಗೆ ಮಣ್ಣಿನ ಕಪ್ಪೆಯೊಂದನ್ನು ಅಂಟಿಸಿರುತ್ತಿದ್ದರು, ಬಿಯರ್ ಅರ್ಧಕ್ಕಿಳಿದಾಗ ಅದು ತಲೆ ಎತ್ತಿ ಕುಡಿಯುವವನನ್ನು ನೋಡುತ್ತದೆ. ಹೊರಗೆ ದೇವರ ಭಯ, ಒಳಗೆ ಕಪ್ಪೆ. ಯಾವ ತಗಡು ಖಾಲಿ ಇದೆಯೋ, ಯಾವ ಗಿರಾಕಿ ಏನು ಕೇಳಿದನೋ ಅದು.

ಹಾಗಿದ್ದೂ ಈ ಸಂತೆ ಸರಕನ್ನು ಒಬ್ಬೊಬ್ಬರ ಸ್ವಂತದ್ದಾಗಿ ಮಾಡಿದ್ದು ಮೂತಿಯ ಕೆಳಗೆ ಬರೆದ ಹೆಸರು. ಅಚ್ಚಲ್ಲ, ಕುಂಚದ ಕೈಬರಹ. ಗಂಡನ ಹೆಸರು, ಕೆಲವೊಮ್ಮೆ ಹೆಂಡತಿಯದ್ದೂ ಸೇರಿಸಿ, ಊರು, ಇಸವಿ. ನಮ್ಮಲ್ಲಿ ಮದುವೆಗೋ ಗೃಹಪ್ರವೇಶಕ್ಕೋ ಕೊಡುವ ಸ್ಟೀಲಿನ ಕೊಳದಪ್ಪಲೆ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು, ತಾರೀಕು ಕೊರೆಸುವುದಿಲ್ಲವೇ, ಅದೇ. ಆ ಹೆಸರಿನಿಂದಲೇ ಇಂಥ ಜಗ್ಗುಗಳು ಅಡುಗೆಮನೆಯಿಂದ ಮೇಲಿನ ಶೆಲ್ಫಿಗೆ ಏರಿದವು, ಒಡೆಯದೆ ಉಳಿದವು. ಹೆಸರಿಲ್ಲದ ಎಷ್ಟೋ ಜಗ್ಗುಗಳು ಬಳಸಿ ಬಳಸಿ ಚೂರಾಗಿ ತಿಪ್ಪೆ ಸೇರಿದವು.

1911ರಲ್ಲಿ ರಾಷ್ಟ್ರೀಯ ವಿಮಾ ಕಾಯ್ದೆ ಬಂದು, ಕಾಯಿಲೆಯ ಹಣ ಹಂಚುವ ಕೆಲಸವನ್ನು ಸರ್ಕಾರ ಈ ಸಂಘಗಳ ಮೂಲಕವೇ ಮಾಡಿಸಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೆ ಅದೂ ತಪ್ಪಿತು. ಆಡ್‌ಫೆಲೋಸ್, ಫಾರೆಸ್ಟರ್ಸ್ ಇನ್ನೂ ಇದ್ದಾರೆ, ಆದರೆ ಕೂಲಿಯವನ ಊಟ ಅವರ ಸಂಕೇತಪದದ ಮೇಲೆ ನಿಂತಿಲ್ಲ. ಕುಂಬಾರಿಕೆ ಅದಕ್ಕೂ ಮೊದಲೇ ಮುಗಿದಿತ್ತು. ಗ್ಯಾರಿಸನ್ ಪಾಟರಿ 1865ರಲ್ಲಿ ಮುಚ್ಚಿತು, ಉಳಿದವು ಒಂದೊಂದಾಗಿ.

ಇಂಥದ್ದನ್ನು ಕೊಳ್ಳುವ ಆಸೆ ಯಾರಿಗಾದರೂ ಹುಟ್ಟಿದರೆ ಎರಡು ಮಾತು. ಗುಲಾಬಿ ಚುಕ್ಕೆ ಕಂಡದ್ದೆಲ್ಲ ಸಂಡರ್ಲ್ಯಾಂಡಿನದ್ದಲ್ಲ. ನ್ಯೂಕ್ಯಾಸಲ್, ಸ್ಟಾಫರ್ಡ್‌ಶೈರ್ ಕಡೆಯಲ್ಲೂ ಇದನ್ನೇ ಮಾಡುತ್ತಿದ್ದರು, ಕಾರ್ಖಾನೆ ಮುಚ್ಚಿದಾಗ ತಾಮ್ರದ ತಗಡುಗಳು ಇನ್ನೊಬ್ಬರ ಕೈಗೆ ಹೋಗುತ್ತಿದ್ದವು. ಹಾಗಾಗಿ ಅಚ್ಚಿನಲ್ಲಿರುವ ಕಂಪನಿಯ ಹೆಸರನ್ನೇ ನಂಬಿ ಕಾಲ ನಿರ್ಣಯಿಸಬೇಡಿ. ಎರಡನೆಯದು, ಸ್ಟೋಕ್‌ನ ಗ್ರೇಸ್ ಪಾಟರಿ ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಶೈಲಿಯ ಗುಲಾಬಿ ಲಸ್ಟರನ್ನು ಮತ್ತೆ ಮಾಡಿತು. 1960ರಲ್ಲಿ ಆ ಕಾರ್ಖಾನೆಯನ್ನು ಸೂಸನ್ ವಿಲಿಯಮ್ಸ್-ಎಲಿಸ್ ದಂಪತಿ ಕೊಂಡರು, ಅದೇ ಮುಂದೆ ಪೋರ್ಟ್‌ಮೀರಿಯನ್ ಎಂಬ ಪಿಂಗಾಣಿ ಕಂಪನಿಯಾಯಿತು. ಗ್ರೇಸ್‌ನ ಮಾಲು ಮೋಸದ್ದಲ್ಲ, ತಳದಲ್ಲಿ ಅವರದೇ ಮುದ್ರೆ ಇರುತ್ತದೆ. ಸಂತೆಯಲ್ಲಿ ಅದನ್ನೇ ಇನ್ನೂರು ವರ್ಷದ್ದೆಂದು ಮಾರುವವರಿದ್ದಾರೆ. ಜಗ್ಗನ್ನು ಮಗುಚಿ ನೋಡಿದರೆ ಸಾಕು. ಕೊಳ್ಳದೆ ಬರೀ ನೋಡುವವರಿಗೆ ಸಂಡರ್ಲ್ಯಾಂಡ್ ಮ್ಯೂಸಿಯಂ ಇದೆ. ಲಂಡನ್ನಿಗೆ ಹೋದವರಿಗೆ ಗ್ರೇಟ್ ಕ್ವೀನ್ ಸ್ಟ್ರೀಟಿನ ಫ್ರೀಮೇಸನ್ಸ್ ಹಾಲಿನಲ್ಲೇ ಮ್ಯೂಸಿಯಂ ಇದೆ. ಎರಡಕ್ಕೂ ಟಿಕೆಟ್ಟಿಲ್ಲ, ಎರಡನೆಯದರ ಬಾಗಿಲಲ್ಲಿ ಸಂಕೇತಪದವನ್ನೂ ಕೇಳುವುದಿಲ್ಲ.